ಒಂದು ಗುಂಟೆ ಕಾಡಿನ ಲೆಕ್ಕ

ಮಳೆ ಹಿಂದೆ ಸರಿದು ಶಾಲೆಗಳಲ್ಲಿ ವಿಜ್ಞಾನ ಪ್ರಾಜೆಕ್ಟುಗಳ ಗಡಿಬಿಡಿ ಶುರುವಾಯಿತೆಂದರೆ ನನಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಶಿರಸಿ ಕಡೆಯ ಮೇಷ್ಟರು ಕೇಳುತ್ತಾರೆ, ಸಿದ್ದಾಪುರದ ತಾಯಂದಿರು ಕೇಳುತ್ತಾರೆ, ಯಲ್ಲಾಪುರದ ಹೈಸ್ಕೂಲು ಮಕ್ಕಳಂತೂ ಸುತ್ತುಬಳಸದೆ ಕೇಳುತ್ತಾರೆ: ನಮ್ಮ ಕಾಡಿನಲ್ಲಿ ಎಕರೆಗೆ ಎಷ್ಟು ಮರ ಇರುತ್ತವೆ? ಒಂದು ಸಂಖ್ಯೆ ಹೇಳಿಬಿಡಿ, ಚಾರ್ಟಿನಲ್ಲಿ ಬರೆಯಬೇಕು.

ನಾನು ಸಂಖ್ಯೆ ಹೇಳುವುದಿಲ್ಲ. ಎಷ್ಟು ದಪ್ಪದ ಗಿಡವನ್ನು ಮರ ಎಂದು ಹಿಡಿದಿರಿ, ಹಗ್ಗ ಎಲ್ಲಿ ಹಾಕಿದಿರಿ, ಎಷ್ಟು ಕಡೆ ಹಾಕಿದಿರಿ ಎಂಬುದು ಪಕ್ಕದಲ್ಲಿ ಇಲ್ಲದಿದ್ದರೆ ಆ ಸಂಖ್ಯೆ ಬರೀ ಅಲಂಕಾರ. ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರ್ ಗುರುತು ಮಾಡಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪ ಇರುವ ಪ್ರತಿ ಕಾಂಡವನ್ನೂ ಎಣಿಸಿದರು. ಸುಮಾರು 26 ಸಾವಿರ ಸಿಕ್ಕವು. ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲೂ ಅಷ್ಟೇ ಜಾಗ, ಅದೇ ನಿಯಮ. ಅಲ್ಲಿ ಎರಡು ಲಕ್ಷ ದಾಟಿತು. ಎರಡೂ ಕಾಡೇ, ಎರಡೂ ಕಡೆ ಎಣಿಸಿದವರು ಕಸುಬು ಬಲ್ಲವರೇ. ಒಂದು ಒಣ ಎಲೆಯುದುರುವ ಕಾಡು, ಇನ್ನೊಂದು ಮಳೆಕಾಡು. ಹಾಗೆ ನೋಡಿದರೆ ನಮ್ಮ ಮೂರು ತಾಲ್ಲೂಕುಗಳಲ್ಲೇ ಇಂಥ ಅಂತರ ಸಣ್ಣ ಪ್ರಮಾಣದಲ್ಲಿ ಇದೆ. ಸಿದ್ದಾಪುರದ ಪಶ್ಚಿಮಕ್ಕೆ ಕತ್ತಲೆಕಾನಿನ ನಿತ್ಯಹಸಿರು, ಯಲ್ಲಾಪುರದ ಕಡೆ ಸಾಗವಾನಿ, ಮತ್ತಿ, ನಂದಿ, ಕಿಂದಳದ ಎಲೆಯುದುರುವ ಕಾಡು, ಶಿರಸಿಯಲ್ಲಿ ಬನವಾಸಿ ದಿಕ್ಕಿಗೆ ಹೋದಷ್ಟೂ ಒಣಗುತ್ತ ಹೋಗುವ ನೆಲ. 'ನಮ್ಮ ಕಾಡು' ಎಂದರೆ ಯಾವ ಕಾಡು ಎಂದು ಮೊದಲು ಹೇಳಬೇಕಾಗುತ್ತದೆ.

ಆದ್ದರಿಂದ ಕೇಳಿದವರಿಗೆ ನಾನು ಕೊಡುವುದು ಒಂದು ಹಗ್ಗದ ಅಳತೆ. ಗಿಡಗಳ ಸಾಂದ್ರತೆ ತಿಳಿಯಲು ವಿಜ್ಞಾನದ ಪುಸ್ತಕಗಳು ಹೇಳುವ ಕ್ವಾಡ್ರಾಟ್ ವಿಧಾನ ಸಿಬಿಎಸ್‌ಇ ಹನ್ನೆರಡನೆಯ ತರಗತಿಯ ಪ್ರಯೋಗಪಟ್ಟಿಯಲ್ಲೇ ಇದೆ. ಹೆಸರಿಗೆ ಹೆದರಬೇಕಿಲ್ಲ, ಅದೊಂದು ಚೌಕ, ಅಷ್ಟೆ. ಮರಗಳಿಗೆ ಸಾಮಾನ್ಯವಾಗಿ ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ ಹಿಡಿಯುತ್ತಾರೆ. ಅಂದರೆ ನೂರು ಚದರ ಮೀಟರ್. ನಮ್ಮ ಕಡೆಯ ಮಕ್ಕಳಿಗೆ ಇದನ್ನು ವಿವರಿಸುವುದು ಬಹಳ ಸುಲಭ. 33 ಅಡಿ ಚೌಕದ ಒಂದು ಗುಂಟೆ 101 ಚದರ ಮೀಟರಿನಷ್ಟಾಗುತ್ತದೆ. ಪುಸ್ತಕದ ಕ್ವಾಡ್ರಾಟ್ ಮತ್ತು ಪಹಣಿಯ ಗುಂಟೆ ಹೆಚ್ಚುಕಡಿಮೆ ಒಂದೇ. ನಲವತ್ತು ಚೌಕಕ್ಕೆ ಎಕರೆ, ನೂರು ಚೌಕಕ್ಕೆ ಹೆಕ್ಟೇರ್. ಹೆಕ್ಟೇರ್ ಎಂದಾಗ ಮಿಕಿಮಿಕಿ ನೋಡುವ ಹುಡುಗ ಗುಂಟೆ ಎಂದೊಡನೆ ತನ್ನ ಮನೆಯ ಅಂಗಳವನ್ನು ಕಣ್ಣಲ್ಲೇ ಅಳೆದುಬಿಡುತ್ತಾನೆ.

ಆ ಹಗ್ಗ ಹಿಡಿದು ನೇರ ಕಾಡಿಗೆ ಹೋಗಬೇಡಿ. ಮೊದಲು ತೋಟಕ್ಕೆ ಹೋಗಿ.

ಮೇಷ್ಟರುಗಳಿಗೆ ನನ್ನ ಈ ಸಲಹೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಎಣಿಸುವ ವಿಧಾನ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಉತ್ತರ ಮೊದಲೇ ಗೊತ್ತಿರುವ ಜಾಗ ಬೇಕು, ಮತ್ತು ಶಿರಸಿ ಸೀಮೆಯಲ್ಲಿ ಅಂಥ ಜಾಗ ಅಡಿಕೆ ತೋಟ. ಒಂಬತ್ತು ಅಡಿ ಅಂತರದಲ್ಲಿ ಹಚ್ಚಿದ ತೋಟದಲ್ಲಿ ಎಕರೆಗೆ ಸುಮಾರು 550 ಮರ ಎಂಬುದು ಮನೆಯ ಹಿರಿಯರಿಗೆಲ್ಲ ಬಾಯಿಪಾಠ. ಗುಂಟೆಗೆ ಹದಿಮೂರೂ ಮುಕ್ಕಾಲು. ಈಗ ಮಕ್ಕಳು ಹತ್ತು ಮೀಟರ್ ಚೌಕ ಹಾಕಿ ಎಣಿಸಲಿ. ಹದಿನಾಲ್ಕು ಸಿಗಬೇಕಲ್ಲ? ಸಿಗುವುದಿಲ್ಲ. ಸಾಲಿಗೆ ಸರಿಯಾಗಿ ಹಗ್ಗ ಹಿಡಿದರೆ ಒಂದು ಚೌಕದಲ್ಲಿ 9 ಮರ, ಇನ್ನೊಂದರಲ್ಲಿ 12, ಮತ್ತೊಂದರಲ್ಲಿ 16. ಹತ್ತು ಮೀಟರಿನೊಳಗೆ 2.7 ಮೀಟರ್ ಅಂತರದ ಸಾಲುಗಳು ಮೂರು ಅಥವಾ ನಾಲ್ಕು ಹಿಡಿಯುತ್ತವೆ, ಮೂರೂ ಮುಕ್ಕಾಲು ಸಾಲು ಎಂಬುದಿಲ್ಲ. ಮೂರ್ಮೂರಲಿ ಒಂಬತ್ತು, ಮೂರ್ನಾಲ್ಕಲಿ ಹನ್ನೆರಡು, ನಾಲ್ನಾಲ್ಕಲಿ ಹದಿನಾರು. ಒಂದೇ ಚೌಕ ನೋಡಿ ಎಕರೆಗೆ ಗುಣಿಸಿದ ಹುಡುಗ 360 ಎನ್ನುತ್ತಾನೆ, ಅವನ ಗೆಳತಿ 640 ಎನ್ನುತ್ತಾಳೆ. ಇಬ್ಬರೂ ಸರಿಯಾಗಿಯೇ ಎಣಿಸಿದ್ದಾರೆ. ಹತ್ತಾರು ಕಡೆ ಹಾಕಿ ಸರಾಸರಿ ತೆಗೆದಾಗ ಮಾತ್ರ ಲೆಕ್ಕ ಅಜ್ಜನ 550ರ ಹತ್ತಿರ ಬಂದು ನಿಲ್ಲುತ್ತದೆ.

ಮನುಷ್ಯ ದಾರ ಹಿಡಿದು ನೆಟ್ಟ ತೋಟದಲ್ಲೇ ಇಷ್ಟು ಏರುಪೇರಾದರೆ, ಹಕ್ಕಿ, ಮಂಗ, ಹೊಳೆ, ಗಾಳಿ ಸೇರಿ ಬಿತ್ತಿದ ಕಾಡಿನಲ್ಲಿ ಎಷ್ಟಾಗಬೇಡ? ಈ ಪ್ರಶ್ನೆ ತೋಟದಲ್ಲಿ ಎದ್ದ ಮೇಲೆಯೇ ಕಾಡಿಗೆ ಹೋಗುವುದು ಚೆಂದ. ಅಲ್ಲಿ ಪ್ರತಿ ಚೌಕ ಮುಗಿದಾಗಲೂ ಅಲ್ಲಿಯವರೆಗಿನ ಸರಾಸರಿ ಬರೆಯುತ್ತ ಹೋಗಬೇಕು. ಮೊದಮೊದಲು ಅದು ಮೇಲೆ ಕೆಳಗೆ ಜಿಗಿಯುತ್ತದೆ, ಆಮೇಲೆ ಜಿಗಿತ ಸಣ್ಣದಾಗುತ್ತದೆ. ಹೊಸ ಚೌಕ ಸೇರಿಸಿದರೂ ಸರಾಸರಿ ಅಲುಗದ ಹಂತಕ್ಕೆ ಬಂದರೆ ಸಾಕು. 'ಎಷ್ಟು ಚೌಕ ಹಾಕಬೇಕು ಸಾರ್' ಎಂಬುದಕ್ಕೆ ಬೇರೆ ಉತ್ತರ ಇಲ್ಲ, ಕಾಡೇ ಹೇಳಬೇಕು.

ಹಗ್ಗ ಎಲ್ಲಿ ಹಾಕಬೇಕು ಎಂಬುದರಲ್ಲೇ ಅರ್ಧ ವಿಜ್ಞಾನ ಇದೆ. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಅವರು ಓಡುವುದು ದೊಡ್ಡ ಮರ ಇರುವಲ್ಲಿಗೆ, ಇಲ್ಲವೆ ಮುಳ್ಳಿಲ್ಲದಲ್ಲಿಗೆ. ಕಣ್ಣು ಮುಚ್ಚಿ ಕಲ್ಲು ಎಸೆಯಿರಿ ಎಂದರೆ ತೆರವಿರುವ ಕಡೆಗೇ ಎಸೆಯುತ್ತಾರೆ. ಇದು ಮಕ್ಕಳ ದೋಷವಲ್ಲ, ಕಣ್ಣಿನ ಸ್ವಭಾವ. ಈ ಚೌಕದ ವಿಧಾನ ಹುಟ್ಟಿದ್ದೇ ಕಣ್ಣಿನ ಮೇಲಿನ ಅಪನಂಬಿಕೆಯಿಂದ. ಅಮೆರಿಕದ ನೆಬ್ರಾಸ್ಕಾದ ಹುಲ್ಲುಗಾವಲಿನಲ್ಲಿ ರಾಸ್ಕೊ ಪೌಂಡ್ ಮತ್ತು ಫ್ರೆಡರಿಕ್ ಕ್ಲೆಮೆಂಟ್ಸ್ ಎಂಬ ಇಬ್ಬರು ತರುಣರು ಯಾವ ಗಿಡ ಹೆಚ್ಚು, ಯಾವುದು ಕಡಿಮೆ ಎಂದು ಮೊದಲು ನೋಡಿಯೇ ಅಂದಾಜು ಮಾಡುತ್ತಿದ್ದರು. ಆಮೇಲೆ ಐದು ಮೀಟರ್ ಚೌಕ ಹಾಕಿ ಒಂದೊಂದಾಗಿ ಎಣಿಸಿದಾಗ, ಎದ್ದು ಕಾಣುವ ಗಿಡಕ್ಕೂ ಹೆಚ್ಚಿರುವ ಗಿಡಕ್ಕೂ ಸಂಬಂಧವಿಲ್ಲ ಎಂಬುದು ಗೊತ್ತಾಯಿತು. 1898ರಲ್ಲಿ ಅದನ್ನು ಪ್ರಕಟಿಸಿದರು. ಪೌಂಡ್ ಮುಂದೆ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದರು ಎನ್ನುವುದು ನನಗೆ ಖುಷಿ ಕೊಡುವ ವಿವರ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯನ್ನು ಎಷ್ಟು ನಂಬಬೇಕು ಎಂದು ಹುಲ್ಲುಗಾವಲಿನಲ್ಲೇ ಕಲಿತಿದ್ದರೇನೊ.

ಪರಿಹಾರ ಸರಳ. ಸೊನ್ನೆಯಿಂದ ತೊಂಬತ್ತೊಂಬತ್ತರವರೆಗೆ ಚೀಟಿ ಮಾಡಿ ಟೋಪಿಯಲ್ಲಿ ಹಾಕಿ. ಮೊದಲ ಚೀಟಿಯಷ್ಟು ಹೆಜ್ಜೆ ದಾರಿಗುಂಟ, ಎರಡನೆಯ ಚೀಟಿಯಷ್ಟು ಹೆಜ್ಜೆ ಕಾಡಿನೊಳಕ್ಕೆ. ನಿಂತಲ್ಲಿ ಹಗ್ಗ. ಅಲ್ಲಿ ಯುಪಟೋರಿಯಂ ಪೊದೆ ಬಿಟ್ಟು ಬೇರೇನೂ ಇಲ್ಲದಿದ್ದರೆ ಬೇರೇನೂ ಇಲ್ಲ ಎಂದೇ ಬರೆಯಬೇಕು; ಸೊನ್ನೆಯೂ ಒಂದು ಫಲಿತಾಂಶ. ಕಡಿದಾದ ದರೆಯೋ ಹೊಂಡವೋ ಬಂದರೆ ಜಾಗ ಬಿಟ್ಟು ಕಾರಣ ಬರೆದುಕೊಳ್ಳಿ. ಹಗ್ಗದ ಮೇಲೆಯೇ ನಿಂತ ಮರವನ್ನು ಏನು ಮಾಡುವುದು ಎಂಬ ಜಗಳ ಖಂಡಿತ ಬರುತ್ತದೆ. ಎರಡು ಬದಿಯ ಗೆರೆಯ ಮರಗಳನ್ನು ಒಳಗೆ, ಉಳಿದೆರಡು ಬದಿಯವನ್ನು ಹೊರಗೆ ಎಂದು ಮೊದಲೇ ತೀರ್ಮಾನಿಸಿಕೊಂಡರೆ ಜಗಳವಿಲ್ಲ. ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಇಳಿಜಾರು 30 ಡಿಗ್ರಿ ಇದ್ದು ಹಗ್ಗವನ್ನು ನೆಲಕ್ಕೆ ಒತ್ತಿ ಹಿಡಿದರೆ ಹತ್ತು ಮೀಟರ್ ಎಂದುಕೊಂಡದ್ದು ನಕ್ಷೆಯಲ್ಲಿ 8.66 ಮೀಟರ್ ಆಗಿರುತ್ತದೆ, ನೂರು ಚದರ ಮೀಟರ್ ಜಾಗ 87ಕ್ಕೆ ಇಳಿದಿರುತ್ತದೆ. ಹಗ್ಗವನ್ನು ಮಟ್ಟವಾಗಿ ಎತ್ತಿ ಹಿಡಿಯಬೇಕು. ಹತ್ತನೆಯ ತರಗತಿಯ ತ್ರಿಕೋನಮಿತಿ ಯಾವುದಕ್ಕೆ ಉಪಯೋಗ ಎಂದು ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಹೆಸರಿನ ವಿಷಯದಲ್ಲಿ ಮೇಷ್ಟರು ಸುಮ್ಮನಿರುವುದು ಒಳ್ಳೆಯದು. ಯಲ್ಲಾಪುರದ ಒಂದು ತರಗತಿಯಲ್ಲಿ ಸಿದ್ದಿ, ಕುಣಬಿ, ಗೌಳಿ, ಹವ್ಯಕ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. ಮಾರ್ಕಿನಲ್ಲಿ ಹಿಂದಿರುವವನೇ ಕಾಡಿನಲ್ಲಿ ತೊಗಟೆ ಕೆರೆದು ಮೂಸಿ ಹೆಸರು ಹೇಳುವುದು ಅಪರೂಪವೇನಲ್ಲ. ಅವನು ಹೇಳಿದ ಹೆಸರನ್ನೇ, ಅವನ ಮನೆಮಾತಿನಲ್ಲೇ ಬರೆದುಕೊಳ್ಳಿ. ಯಾರಿಗೂ ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲದ ಗಿಡ 1' ಎಂದು ಬರೆದು ಒಂದು ಎಲೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಡಿ. ಶಿರಸಿಯಲ್ಲೇ ಅರಣ್ಯ ಕಾಲೇಜು ಇದೆ, ತೋರಿಸಿ ಕೇಳಬಹುದು.

ಇಷ್ಟಾದ ಮೇಲೆ ಸೂತ್ರ. ಎಲ್ಲ ಚೌಕಗಳಲ್ಲಿ ಸಿಕ್ಕ ಒಟ್ಟು ಗಿಡಗಳನ್ನು ಚೌಕಗಳ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ. ಎಷ್ಟು ಚೌಕಗಳಲ್ಲಿ ಆ ಜಾತಿ ಕಾಣಿಸಿತು ಎಂಬುದರ ಶೇಕಡಾ ಲೆಕ್ಕ ಆವರ್ತನ. ಉದಾಹರಣೆಗೆ, ಹತ್ತು ಚೌಕಗಳಲ್ಲಿ 40 ಮತ್ತಿ ಮತ್ತು 40 ವಾಟೆ ಸಿಕ್ಕವು ಎನ್ನೋಣ. ಎರಡಕ್ಕೂ ಗುಂಟೆಗೆ ನಾಲ್ಕು. ಆದರೆ ಮತ್ತಿ ಒಂಬತ್ತು ಚೌಕಗಳಲ್ಲಿ ಚದುರಿದ್ದು, ವಾಟೆ ಹಳ್ಳದ ಬದಿಯ ಎರಡೇ ಚೌಕಗಳಲ್ಲಿ ಗುಂಪಾಗಿದ್ದರೆ ಕಥೆಯೇ ಬೇರೆ. ಪುಸ್ತಕದಲ್ಲಿ ಇದು ವಿವರವಾಗಿದೆ, ನಾನು ಮುಂದೆ ಹೋಗುತ್ತೇನೆ. ನನಗೆ ಹೇಳಬೇಕಾದದ್ದು ಪುಸ್ತಕ ಅಷ್ಟಾಗಿ ಒತ್ತಿ ಹೇಳದ ಸಂಗತಿ: ದೊಡ್ಡ ಮರಗಳನ್ನು ಮಾತ್ರ ಎಣಿಸಿ ಮನೆಗೆ ಬರಬೇಡಿ. ಮೊಣಕಾಲಿಗಿಂತ ಕೆಳಗಿರುವುದನ್ನು ಎಣಿಸಿ.

ನನ್ನ ಸಲಹೆ ಮೂರು ಕಲಂ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಸುತ್ತಳತೆ 30 ಸೆಂಟಿಮೀಟರ್ ದಾಟಿದ್ದು ಮರ; ದರ್ಜಿಯ ಟೇಪು ಸಾಕು. ಮೊಣಕಾಲಿನವರೆಗಿನದು ಸಸಿ. ನಡುವಿನದೆಲ್ಲ ಎಳೆಮರ. ಸಸಿಗಳನ್ನು ಇಡೀ ಗುಂಟೆಯಲ್ಲಿ ಎಣಿಸುತ್ತ ಕೂತರೆ ಸಂಜೆಯಾಗುತ್ತದೆ, ಆದ್ದರಿಂದ ಚೌಕದ ಮೂಲೆಗಳಲ್ಲಿ ಒಂದು ಮೀಟರಿನ ಸಣ್ಣ ಚೌಕ ಹಾಕಿದರೆ ಆಯಿತು. ಈ ಮೂರು ಕಲಂ ತುಂಬಿದ ಮೇಲೆ ಸೊಪ್ಪಿನ ಬೆಟ್ಟದ ಒಂದು ಗುಂಟೆಯನ್ನೂ ದೇವರಕಾಡಿನ ಒಂದು ಗುಂಟೆಯನ್ನೂ ಅಕ್ಕಪಕ್ಕ ಇಟ್ಟು ನೋಡಿ.

ಸೊಪ್ಪಿನ ಬೆಟ್ಟ ನಮ್ಮ ಸೀಮೆಯ ವಿಶೇಷ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಬಂದದ್ದು. ಅಲ್ಲಿಂದ ಹಸಿಸೊಪ್ಪು ಕಡಿದು ಕೊಟ್ಟಿಗೆಗೆ ಹಾಸುತ್ತಾರೆ, ಬೇಸಿಗೆಯಲ್ಲಿ ದರಕು ಗುಡಿಸಿ ತರುತ್ತಾರೆ, ಎಲ್ಲವೂ ಗೊಬ್ಬರವಾಗಿ ತೋಟ ಸೇರುತ್ತದೆ. ಬೆಟ್ಟವನ್ನು ಹೊರಗಿನಿಂದ ನೋಡಿದರೆ ದಟ್ಟ ಹಸಿರು. ಮರಗಳ ಕಲಂ ಕೂಡ ಚೆನ್ನಾಗಿಯೇ ತುಂಬುತ್ತದೆ: ಮತ್ತಿ, ಹೊನ್ನೆ, ಕೌಲು, ನೇರಳೆ. ಎಳೆಮರ, ಸಸಿಗಳ ಕಲಂಗೆ ಬಂದಾಗ ಪೆನ್ಸಿಲ್ ನಿಧಾನವಾಗುತ್ತದೆ. ದರಕಿನ ಜೊತೆ ಬೀಜವೂ ಮೊಳಕೆಯೂ ಗುಡಿಸಿಹೋಗುತ್ತದೆ, ಉಳಿದದ್ದನ್ನು ದನ ಮೇಯುತ್ತದೆ, ನಡುನಡುವೆ ಬೆಂಕಿ. ಎಲ್ಲ ಬೆಟ್ಟವೂ ಹೀಗಿಲ್ಲ. ಕಾಳಜಿಯಿಂದ ಕಾಯ್ದ ಬೆಟ್ಟಗಳು ಪಕ್ಕದ ಕಾಡನ್ನೂ ಮೀರಿಸುವಂತೆ ಇವೆ. ಯಾವುದು ಯಾವ ಥರದ್ದು ಎಂದು ರಸ್ತೆಯಲ್ಲಿ ನಿಂತು ಹೇಳಲಾಗುವುದಿಲ್ಲ, ಮೂರನೆಯ ಕಲಂ ಹೇಳುತ್ತದೆ. ಇವತ್ತು ಹಣ್ಣುಬಿಡುವ ಹೊನ್ನೆ ಬಿದ್ದ ಮೇಲೆ ಅದರ ಜಾಗಕ್ಕೆ ಬರುವ ಹೊನ್ನೆ ಎಲ್ಲಿದೆ ಎಂಬುದು ಆ ಕಲಂನ ಪ್ರಶ್ನೆ.

ದೊಡ್ಡ ಮರಗಳ ಲೆಕ್ಕ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ಮುರುಗಲು ಬೆಳೆಸಿದವರಿಗೆ ಗೊತ್ತು, ಬೀಜದಿಂದ ಎದ್ದ ಗಿಡಗಳಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ವರ್ಷಗಟ್ಟಲೆ ಸಾಕಿದ ಗಿಡ ಗಂಡೆಂದು ತಿಳಿದಾಗ ಬೈದುಕೊಳ್ಳದವರಿಲ್ಲ. ರಾಮಪತ್ರೆಯದೂ ಅದೇ ರೀತಿ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗಿನಲ್ಲಿ ಪತ್ತೆಯಾಗಿ 2000ದಲ್ಲಿ ಹೊಸ ಪ್ರಭೇದವೆಂದು ದಾಖಲಾದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರ ಇದಕ್ಕೆ ಅತಿ ಕಠಿಣ ಉದಾಹರಣೆ. ಊರಿನ ಹೆಸರನ್ನೇ ಹೊತ್ತ ಈ ಮರವನ್ನು ಹುಡುಕಿ ಎಣಿಸಿದಾಗ ಸಿಕ್ಕ ಬೆಳೆದ ಮರಗಳು ನೂರರೊಳಗೆ. ಅದರಲ್ಲೂ ಗಂಡು ಮರ, ಹೆಣ್ಣು ಮರ ಎಂದು ಪಾಲಾಗುತ್ತದೆ. ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಇಡಲೂ ಆಗುವುದಿಲ್ಲ, ಬಿದ್ದ ಕೆಲವು ದಿನಗಳಲ್ಲೇ ಮೊಳೆಯಬೇಕು. ಶಿರಸಿ ಅರಣ್ಯ ಕಾಲೇಜಿನ ಆರ್. ವಾಸುದೇವ ಮತ್ತು ಅವರ ವಿದ್ಯಾರ್ಥಿಗಳು ಸಸಿ ಮಾಡಿ ಮರಳಿ ನೆಡುವ ಕೆಲಸ ಹಿಡಿದದ್ದು ಇಂಥ ಎಣಿಕೆಯ ಬೆನ್ನಲ್ಲೇ. ಹಾಗೆಂದು ಹೈಸ್ಕೂಲು ಮಕ್ಕಳನ್ನು ಕತ್ತಲೆಕಾನಿನ ಜೌಗಿಗೆ ಇಳಿಸಬೇಡಿ. ನೆಲದಿಂದ ಮಂಡಿಯೆತ್ತಿದ ಆ ಬೇರುಗಳ ನಡುವೆ ನಲವತ್ತು ಜೊತೆ ಕಾಲು ಓಡಾಡಿದರೆ ಎಣಿಸಲು ಹೋದ ಸಸಿಗಳೇ ಉಳಿಯುವುದಿಲ್ಲ. ಅಂಚಿನಿಂದ ತೋರಿಸಿ, ಲೆಕ್ಕವನ್ನು ಬೆಟ್ಟದಲ್ಲಿ ಮಾಡಿಸಿ.

ಎಣಿಕೆಗೆ ಊರವರ ಮಾತು ಎಷ್ಟು ಬೇಕಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಬಿದಿರಿನ ಕಥೆ ಇದೆ. 1970ರ ದಶಕದಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಹೋಗುವ ಬಿದಿರು ಯಾಕೆ ಕಡಿಮೆಯಾಗುತ್ತಿದೆ ಎಂದು ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅಧ್ಯಯನಕ್ಕೆ ಬಂದರು. ಮೆಳೆಯ ಬುಡದ ಮುಳ್ಳು ಸವರಿದರೆ ಗಳಗಳು ಇಕ್ಕಟ್ಟಿಲ್ಲದೆ ನೆಟ್ಟಗೆ ಬೆಳೆಯುತ್ತವೆ ಎಂಬುದು ಅರಣ್ಯ ಇಲಾಖೆಯ ಪದ್ಧತಿಯಾಗಿತ್ತು. ಮುಳ್ಳು ತೆಗೆದರೆ ಕಳಲೆ ಉಳಿಯುವುದಿಲ್ಲ, ದನ ಮಂಗ ಮುಳ್ಳುಹಂದಿ ತಿಂದು ಹಾಕುತ್ತವೆ ಎಂದು ಹಳ್ಳಿಯವರು ಹೇಳಿದರು. ಮೆಳೆ ಮೆಳೆಗೂ ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಇಲ್ಲಿ ಮಕ್ಕಳು ಗಮನಿಸಬೇಕಾದದ್ದು ಎಣಿಸಿದ್ದು ಏನನ್ನು ಎಂಬುದು. ಮೆಳೆಗಳ ಸಂಖ್ಯೆ ಮಾತ್ರ ಬರೆದಿದ್ದರೆ ವರ್ಷಗಳ ಕಾಲ ಏನೂ ಬದಲಾಗಿಲ್ಲವೆಂದೇ ಕಾಣುತ್ತಿತ್ತು. ಮೆಳೆ ಎಷ್ಟು, ಅದರಲ್ಲಿ ಗಳ ಎಷ್ಟು, ಈ ವರ್ಷದ ಕಳಲೆ ಎಷ್ಟು ಎಂದು ಬಿಡಿಸಿದಾಗಲೇ ರೋಗ ತಿಳಿಯುವುದು. ಯುಪಟೋರಿಯಂ, ಲಂಟಾನದಂಥ ಪೊದೆಗಳಲ್ಲಿ ಒಂದು ಗಿಡ ಎಲ್ಲಿ ಮುಗಿಯಿತು ಎಂದೇ ಗೊತ್ತಾಗುವುದಿಲ್ಲ. ಅಲ್ಲಿ ಎಣಿಸುವ ಹಟ ಬಿಟ್ಟು ಚೌಕದ ಎಷ್ಟು ಭಾಗ ಮುಚ್ಚಿದೆ ಎಂದು ಬರೆಯಿರಿ.

ಯಾವಾಗ ಹೋಗಬೇಕು ಎಂಬುದನ್ನು ಪಾಲಕರು ಮೊದಲೇ ಕೇಳುತ್ತಾರೆ, ಕೇಳಲೇಬೇಕು. ಮಳೆಗಾಲದಲ್ಲಿ ಉಂಬಳ. ಅದು ಕಿರಿಕಿರಿ, ಅಪಾಯವಲ್ಲ. ಮಂಗನ ಕಾಯಿಲೆ ಹಾಗಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರಿನಲ್ಲಿ ಕಾಣಿಸಿಕೊಂಡ ಈ ಜ್ವರ ಸಿದ್ದಾಪುರ ತಾಲ್ಲೂಕಿನಲ್ಲಿ 2024ರಲ್ಲೂ ಜೀವ ತೆಗೆದುಕೊಂಡಿದೆ. ಹರಡುವುದು ಉಣುಗಿನಿಂದ, ಅವುಗಳ ಹಾವಳಿ ಹೆಚ್ಚು ಡಿಸೆಂಬರಿನಿಂದ ಮೇವರೆಗೆ, ಅದೂ ದರಕು ಬಿದ್ದ ನೆಲದಲ್ಲಿ. ಸಸಿ ಎಣಿಸುವವನು ಮೊಣಕಾಲೂರುವುದೂ ಅಲ್ಲೇ. ಆದ್ದರಿಂದ ಮಳೆ ನಿಂತ ಮೇಲೆ, ಒಣಹವೆ ಹಿಡಿಯುವ ಮೊದಲು, ಹೆಚ್ಚುಕಡಿಮೆ ಅಕ್ಟೋಬರಿನಲ್ಲಿ ಮುಗಿಸಿ. ಆಗ ಆ ವರ್ಷದ ಮೊಳಕೆಗಳೂ ಎದ್ದಿರುತ್ತವೆ, ಎಲೆ ನೋಡಿ ಗುರುತಿಸಲೂ ಸುಲಭ. ಮಂಗ ಸತ್ತ ಸುದ್ದಿ ಇರುವ ಕಡೆ ಯಾವ ತಿಂಗಳಲ್ಲೂ ಬೇಡ. ಪೂರ್ಣ ತೋಳಿನ ಅಂಗಿ, ಕಾಲುಚೀಲದೊಳಗೆ ಪ್ಯಾಂಟು, ಆರೋಗ್ಯ ಇಲಾಖೆ ಹಂಚುವ ತೈಲ, ಮನೆಗೆ ಬಂದೊಡನೆ ಬಿಸಿನೀರು. ಕಾಯ್ದಿಟ್ಟ ಅರಣ್ಯವಾದರೆ ವಲಯ ಅರಣ್ಯಾಧಿಕಾರಿಯ ಅನುಮತಿ ಪತ್ರವೂ ಕೈಯಲ್ಲಿರಲಿ.

ಇದನ್ನು ಮಕ್ಕಳ ಆಟವೆಂದು ನಗುವವರಿಗೆ ಒಂದು ಮಾತು. ಭೂಮಿಯ ಮೇಲೆ ಸುಮಾರು ಮೂರು ಲಕ್ಷ ಕೋಟಿ ಮರಗಳಿವೆ ಎಂಬ 2015ರ ಅಂದಾಜು ಹುಟ್ಟಿದ್ದರ ಹಿಂದೆ ಗಿಡ ನೆಡುವ ಮಕ್ಕಳ ಸಂಘಟನೆಯೊಂದು ಇತ್ತು. ತಾವು ನೆಡುವುದು ಒಟ್ಟು ಲೆಕ್ಕದಲ್ಲಿ ಎಷ್ಟಾಯಿತು ಎಂದು ತಿಳಿಯುವುದು ಅವರಿಗೆ ಬೇಕಿತ್ತು. ಅಲ್ಲಿಯವರೆಗೆ ಎಲ್ಲರೂ ನಂಬಿದ್ದ ಸಂಖ್ಯೆ ನಲವತ್ತು ಸಾವಿರ ಕೋಟಿ. ಏಳೆಂಟು ಪಟ್ಟು ಬದಲಾಯಿತು. ಉಪಗ್ರಹದ ಚಿತ್ರಗಳ ಜೊತೆ ಆ ಲೆಕ್ಕಕ್ಕೆ ಆಧಾರವಾದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಕಡೆ ಜನ ಕಾಲ್ನಡಿಗೆಯಲ್ಲಿ ಹೋಗಿ ಎಣಿಸಿದ ತುಂಡು ಕಾಡುಗಳು.

ಆದರೂ ಒಂದು ವರ್ಷದ ಎಣಿಕೆ ಚಾರ್ಟಿಗೆ ಸಾಕು, ಕಾಡಿಗೆ ಸಾಲದು. 1993ರಿಂದ ನಡೆಯುತ್ತಿರುವ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಪ್ರತಿ ವರ್ಷ ಹೊಸ ವಿಷಯ ಹುಡುಕುವ ಶಾಲೆಗಳನ್ನು ಕಂಡಾಗ ನನಗೆ ಅನಿಸುವುದು ಇಷ್ಟೇ: ವಿಷಯ ಬದಲಿಸಬೇಡಿ, ಬ್ಯಾಚು ಹೇಗೂ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ನಮ್ಮ ಜಿಲ್ಲೆಯಲ್ಲಿ ಒಂದೊಂದು ಹೆಕ್ಟೇರಿನ ಎಂಟು ತಾಕುಗಳನ್ನು ಗುರುತು ಮಾಡಿದರು. ಸೋಂದಾ, ಸುಗಾವಿಗಳಲ್ಲೂ ಒಂದೊಂದು. ಹತ್ತು ವರ್ಷದ ನಂತರ ಅದೇ ಮರಗಳ ಹತ್ತಿರ ಮತ್ತೆ ಹೋಗಿ ಯಾವುದು ಸತ್ತಿತು, ಯಾವುದು ಹೊಸದಾಗಿ ಬಂತು ಎಂದು ಹೇಳಲು ಸಾಧ್ಯವಾದದ್ದು ಜಾಗ ಬದಲಿಸದ್ದರಿಂದ. ಸಂಶೋಧಕರಿಗೆ ಹಣ ಮುಗಿಯುತ್ತದೆ, ಯೋಜನೆ ಮುಗಿಯುತ್ತದೆ. ಹಳ್ಳಿಯ ಹೈಸ್ಕೂಲು ಅಲ್ಲೇ ಇರುತ್ತದೆ, ಪ್ರತಿ ಜೂನಿನಲ್ಲೂ ಹೊಸ ಎಂಟನೆಯ ತರಗತಿ ಬರುತ್ತದೆ.

ಹಾಗಾಗಿ ಚೀಟಿ ಎತ್ತಿ ಹಾಕಿದ ಚೌಕಗಳ ಜೊತೆಗೆ, ಶಾಲೆಯ ಹತ್ತಿರದ ಯಾರದಾದರೂ ಬೆಟ್ಟದಲ್ಲಿ ಎರಡು ಗುಂಟೆಯನ್ನು ಕಾಯಂ ಮಾಡಿಕೊಳ್ಳಿ. ನಾಲ್ಕು ಮೂಲೆಗೆ ಕಲ್ಲು, ಒಂದು ದಪ್ಪ ರಿಜಿಸ್ಟರು. ಒಂದು ಗುಂಟೆಯಲ್ಲಿ ಎಂದಿನಂತೆ ದರಕು ಗುಡಿಸಲಿ. ಇನ್ನೊಂದರಲ್ಲಿ ಗುಡಿಸುವುದು ಬೇಡ. ಪ್ರತಿ ಅಕ್ಟೋಬರಿನಲ್ಲಿ ಎರಡರ ಸಸಿಗಳನ್ನೂ ಎಣಿಸಿ ಪಕ್ಕಪಕ್ಕದಲ್ಲಿ ಬರೆಯಿರಿ. ಮನೆಯಲ್ಲಿ ಅಪ್ಪ ಸುಲಭಕ್ಕೆ ಒಪ್ಪುವುದಿಲ್ಲ; ಗುಂಟೆ ಬಿಟ್ಟರೆ ಎಷ್ಟು ಹೆಡಿಗೆ ದರಕು ಕಡಿಮೆಯಾಗುತ್ತದೆ ಗೊತ್ತಾ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಕ್ಕದ ಗುಂಟೆಯ ದರಕನ್ನು ತೂಗಿ ಅದನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ.